ಕಾರವಾರದ ಟಾಗೋರ್ ಬೀಚ್: ಮಳೆಗಾಲದ ನಾಲ್ಕು ತಿಂಗಳು ಏನು ಮಾಡೋಣ?

ಕೋಡಿಬಾಗದ ಮಗಳು · ಶನಿವಾರ, ರಾತ್ರಿ 9.20

ಹೋದ ಭಾನುವಾರ ಅಮ್ಮ, ನಾನು, ಆರು ವರ್ಷದ ನನ್ನ ಮಗಳು ಮೂವರೂ ಬೀಚಿಗೆ ಹೋಗಿದ್ದೆವು. ಬೆಂಗಳೂರಿನಿಂದ ಊರಿಗೆ ಬಂದು ನಾಲ್ಕು ದಿನ, ನಾಲ್ಕೂ ದಿನ ಬಿಡದೆ ಮಳೆ. ಮಧ್ಯಾಹ್ನ ಸ್ವಲ್ಪ ಹೊಳವಾಯಿತೆಂದು ಹೊರಟದ್ದು. ಆಟೋ ಇಳಿದು ಮರಳಿಗೆ ಕಾಲಿಡುವಷ್ಟರಲ್ಲಿ ಪಡುವಣದಿಂದ ಮಳೆ ಗೋಡೆಯ ಹಾಗೆ ಎದ್ದು ಬಂತು. ಮೊದಲು ದೇವಗಡ ದ್ವೀಪದ ದೀಪಸ್ತಂಭ ಮಾಯವಾಯಿತು, ಆಮೇಲೆ ಕೂರ್ಮಗಡ ದ್ವೀಪ. ಮಗಳು ಬಾಯಿ ತೆರೆದು ನೋಡುತ್ತಿದ್ದಳು. ಡಿಸೆಂಬರಿನ ಸೂರ್ಯಾಸ್ತಕ್ಕೂ ಅವಳು ಹಾಗೆ ನಿಂತದ್ದು ನಾನು ಕಂಡಿಲ್ಲ.

ಆದರೆ ನಿಲ್ಲುವುದೆಲ್ಲಿ? ಅಮ್ಮನಿಗೆ ಮೊಣಕಾಲು ನೋವು, ಓಡಲಿಕ್ಕಾಗುವುದಿಲ್ಲ. ಭಜಿ ಮಾಡುವ ಒಂದು ಗಾಡಿಯ ಟಾರ್ಪಾಲಿನ ಕೆಳಗೆ ಒತ್ತಿಕೊಂಡು ನಿಂತೆವು. ಗಾಡಿಯಾಕೆ ತನ್ನ ಸ್ಟೂಲನ್ನು ಅಮ್ಮನಿಗೆ ಕೊಟ್ಟರು. ಟಾರ್ಪಾಲಿನ ನಡುವೆ ನೀರು ತುಂಬಿ ಹೊಟ್ಟೆ ಬಿಡುತ್ತಿತ್ತು, ಆಕೆ ಐದು ನಿಮಿಷಕ್ಕೊಮ್ಮೆ ಒಂದು ಕೋಲಿನಿಂದ ಅದನ್ನು ಎತ್ತಿ ಆಚೆ ಚೆಲ್ಲುತ್ತಿದ್ದರು. ಚೆಲ್ಲಿದಾಗಲೆಲ್ಲ ಬಾಣಲೆಯ ಮೇಲೆ ಒಂದು ಕೈ ಅಡ್ಡ. ಇಪ್ಪತ್ತು ನಿಮಿಷದಲ್ಲಿ ನಮ್ಮನ್ನು ಬಿಟ್ಟರೆ ಬೇರೆ ಗಿರಾಕಿ ಇಲ್ಲ. "ಜೂನ್‌ನಿಂದ ಸೆಪ್ಟೆಂಬರ್ ತನಕ ಹೀಗೇ ಬಾಯಿ, ಗಣಪತಿ ಹಬ್ಬ ಮುಗಿದ ಮೇಲೆ ಜನ" ಅಂದರು.

ಅಂದಿನಿಂದ ಇದೇ ತಲೆಯಲ್ಲಿದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಅದರಲ್ಲಿ ಬಹುಪಾಲು ಈ ನಾಲ್ಕೇ ತಿಂಗಳಲ್ಲಿ. ಹಾಗಿದ್ದೂ ನಮ್ಮ ಬೀಚಿಗೆ ನಾವು ಹಾಕಿದ ಯೋಜನೆಗಳೆಲ್ಲ ಬಿಸಿಲು ಇದ್ದೇ ಇರುತ್ತದೆ ಎಂದುಕೊಂಡು ಹಾಕಿದವು. ಕರಾವಳಿ ಉತ್ಸವ ಬಯಲಲ್ಲಿ, ಮಯೂರವರ್ಮ ವೇದಿಕೆಯ ಮುಂದೆ ಕುರ್ಚಿ ಹಾಕುವುದು ಬಯಲಲ್ಲಿ, ಮಕ್ಕಳ ಆಟ ಬಯಲಲ್ಲಿ. ಮಳೆ ಬಂದರೆ ಎಲ್ಲ ಮಡಚಿ ಇಡಬೇಕು. ಮತ್ತೆ ಅಕ್ಟೋಬರಿನಲ್ಲಿ ತುಕ್ಕು ಕೆರೆದು ಬಣ್ಣ ಬಳಿಯಬೇಕು.

ಟಾಗೋರರು 1883ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೆರಡರ ಹುಡುಗ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬೆಳದಿಂಗಳಲ್ಲಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಹಿಂದಿರುಗುವಾಗ ಮರಳ ಮೇಲೆ ನಡೆದು ಬಂದದ್ದನ್ನು ಮುಂದೆ ನೆನಪಿನಲ್ಲಿ ಬರೆದರು. 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಈ ದಂಡೆಯ ಊರಲ್ಲಿ. ಆಗ ಇಲ್ಲಿ ಕಾಂಕ್ರೀಟ್ ಇರಲಿಲ್ಲ, ಕಡಲು ಮತ್ತು ಗಾಳಿಮರ ಇದ್ದವು. ಅವೆರಡೂ ಈಗಲೂ ಇವೆ.

ಕೇಳುವುದು ಇಷ್ಟು: ವರ್ಷದ ಹನ್ನೆರಡೂ ತಿಂಗಳು ಜನ ಬಂದು ಒಂದೆರಡು ಗಂಟೆ ಕೂತು ಹೋಗುವಂತೆ ಈ ಬೀಚನ್ನು ಮಾಡಲು ಏನು ಬೇಕು? ದೊಡ್ಡ ಪ್ರತಿಮೆ, ಗಾಜಿನ ಸೇತುವೆ ಇಂಥವನ್ನು ದಯವಿಟ್ಟು ಆಮೇಲೆ ಹೇಳಿ. ನನಗೆ ಮೊದಲು ಬೇಕಾದ್ದು ಒಂದು ಮಾಡು. ಹಂಚಿನ ಮಾಡು, ಕೆಳಗೆ ಬೆಂಚು, ಕಡಲಿಗೆ ಮುಖ.

ಘಟ್ಟ ಇಳಿದವ · ಶನಿವಾರ, ರಾತ್ರಿ 9.48

ಅಕ್ಕಾ, ಬೆಂಚಿನ ಜೊತೆ ಒಂದು ಸ್ವಚ್ಛ ಶೌಚಾಲಯ ಸೇರಿಸಿ. ಹೆಂಗಸರಿಗೆ, ವಯಸ್ಸಾದವರಿಗೆ ಅದಿಲ್ಲದಿದ್ದರೆ ಎಷ್ಟು ಚೆಂದದ ಮಾಡು ಇದ್ದರೂ ಅರ್ಧ ಗಂಟೆಗೆ ಏಳಲೇಬೇಕು.

ಬೈತಖೋಲ ಬಲೆ · ಶನಿವಾರ, ರಾತ್ರಿ 10.15

ನಿಮ್ಮ ಮಾತು ಸರಿ ಅಕ್ಕಾ. ಆದ್ರೆ ಬೀಚ್ ಅಭಿವೃದ್ಧಿ ಅಂತ ಯಾರೇ ಬಾಯಿ ತೆಗೆದ್ರೂ ನಮ್ಮ ಮನೆಯಲ್ಲಿ ಎಲ್ಲರ ಕಿವಿ ನೆಟ್ಟಗಾಗ್ತದೆ. ಯಾಕೆ ಅಂತ ಹೇಳ್ತೇನೆ.

ನಮ್ಮ ತಾಯಿಯ ತವರು ಇದ್ದದ್ದು ಅರಗಾ ಕಡೆ. 1986ರಲ್ಲಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಬಿತ್ತು, ಮುಂದೆ ಸಾವಿರಾರು ಕುಟುಂಬ ಎದ್ದು ಬಂದವು. ದೇಶಕ್ಕೆ ನೌಕಾನೆಲೆ ಬೇಕು, ಅದರಲ್ಲಿ ನಮ್ಮದು ಎರಡು ಮಾತಿಲ್ಲ. ಆದ್ರೆ ಅಜ್ಜ ದೋಣಿ ಎಳೆದ ದಂಡೆಗೆ ನಾನು ಇವತ್ತು ಕಾಲಿಡುವ ಹಾಗಿಲ್ಲ. ಆಮೇಲೆ 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆ ಅಲೆ ತಡೆಗೋಡೆ ಕೆಲಸ ಶುರುವಾಯ್ತು. ಅದು ಮುಂದೆ ಹೋದ್ರೆ ಟಾಗೋರ್ ಬೀಚೇ ಉಳಿಯೋದಿಲ್ಲ ಅಂತ ನಾವು ಬೀದಿಗಿಳಿದ್ವಿ, ಹೈಕೋರ್ಟಿನ ತಡೆಯಾಜ್ಞೆ ಬಂತು. ಇವತ್ತು ಈ ಚರ್ಚೆ ಮಾಡ್ಲಿಕ್ಕೆ ಒಂದು ಬೀಚ್ ಇದೆಯಲ್ಲ, ಅದರಲ್ಲಿ ಮೀನುಗಾರರ ಪಾಲೂ ಇದೆ ಅಂತ ನೆನಪಿಡಿ.

ಮಳೆಗಾಲ ನಿಮಗೆ ಖಾಲಿ ಕಾಣ್ತದೆ, ನಮಗಲ್ಲ. ಜೂನ್ 1ರಿಂದ ಜುಲೈ 31, ಅರವತ್ತೊಂದು ದಿನ ಯಾಂತ್ರಿಕ ಬೋಟಿಗೆ ನಿಷೇಧ. ಆಗಲೇ ದೋಣಿ ಮೇಲೆ ಎಳೆಯೋದು, ಬಲೆ ರಿಪೇರಿ. ಪಾತಿ ಅನ್ನುವ ಸಣ್ಣ ದೋಣಿಯವರು ಕಡಲು ಸ್ವಲ್ಪ ತಣ್ಣಗಾದಾಗ ನೋಡ್ಕೊಂಡು ಹೋಗ್ತಾರೆ. ಏಂಡಿ ಅಂದ್ರೆ ದಂಡೆಯಿಂದ ಹಗ್ಗ ಹಿಡಿದು ಎಳೆಯುವ ಬಲೆ, ಅದನ್ನು ಎಳೆಯೋದು ಇದೇ ದಂಡೆಯಲ್ಲಿ. ನೀವು ಮಾಡು ಕಟ್ಟಿ, ಸಂತೋಷ. ದೋಣಿ ಎಳೆಯುವ ಜಾಗದಲ್ಲಿ ಕಟ್ಟಬೇಡಿ. ಇಂಟರ್‌ಲಾಕ್ ಕಲ್ಲು ಹಾಸಿದ ಮೇಲೆ ದೋಣಿಯ ತಳ ಉಳಿಯೋದಿಲ್ಲ.

ಮಿಶಿಗನ್ ದಂಡೆಯಿಂದ · ಭಾನುವಾರ, ಬೆಳಿಗ್ಗೆ 7.05

ಹುಟ್ಟೂರು ಸದಾಶಿವಗಡ, ಈಗ ಹದಿನೈದು ವರ್ಷದಿಂದ ಚಿಕಾಗೊ. ಇಲ್ಲಿಗೂ ಅಲ್ಲಿಗೂ ಹೋಲಿಕೆ ಸಲ್ಲದು ಅನ್ನಬಹುದು, ಆದರೆ ಪ್ರಶ್ನೆ ಒಂದೇ ಆದ್ದರಿಂದ ಬರೆಯುತ್ತೇನೆ. ನಿಮಗೆ ನಾಲ್ಕು ತಿಂಗಳು ಮಳೆ, ನಮಗೆ ನಾಲ್ಕು ತಿಂಗಳು ಹಿಮಗಾಳಿ. ಜನವರಿಯಲ್ಲಿ ಮಿಶಿಗನ್ ಸರೋವರದ ದಂಡೆಯಲ್ಲಿ ಹತ್ತು ನಿಮಿಷ ನಿಂತರೆ ಕಿವಿ ಮರಗಟ್ಟುತ್ತದೆ.

ಇಲ್ಲಿ ನೇವಿ ಪಿಯರ್ ಅಂತ ಒಂದು ಹಳೆಯ ಧಕ್ಕೆ. 1916ರಲ್ಲಿ ಹಡಗಿನ ಸರಕಿಗೂ ಊರಿನ ಜನರ ವಿಹಾರಕ್ಕೂ ಎಂದು ಕಟ್ಟಿದ್ದು, ನೀರಿನೊಳಕ್ಕೆ ಸುಮಾರು ಒಂದು ಕಿಲೋಮೀಟರ್ ಚಾಚಿದೆ. ಸರಕು ಸಾಗಣೆ ಇಳಿಯಿತು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ತರಬೇತಿಗೆ ತೆಗೆದುಕೊಂಡಿತು. 1946ರಿಂದ 1965ರವರೆಗೆ ಇಲಿನಾಯ್ ವಿಶ್ವವಿದ್ಯಾಲಯದ ಶಾಖೆ ಅಲ್ಲೇ ನಡೆಯಿತು! ಆಮೇಲೆ ವರ್ಷಗಟ್ಟಲೆ ಬಹುಮಟ್ಟಿಗೆ ಪಾಳು. 1995ರಲ್ಲಿ ದುರಸ್ತಿ ಮಾಡಿ ಜನರಿಗೆ ತೆರೆದರು, ಜಾತ್ರೆಯ ತೊಟ್ಟಿಲಿನ ಹಾಗೆ 150 ಅಡಿಯ ಚಕ್ರ ನಿಲ್ಲಿಸಿದರು.

ಎಲ್ಲರೂ ಆ ಚಕ್ರದ ಫೋಟೊ ಹಾಕುತ್ತಾರೆ. ನನ್ನ ಅನುಭವದಲ್ಲಿ ವರ್ಷವಿಡೀ ಜನರನ್ನು ಕರೆಯುವುದು ಅದೊಂದೇ ಅಲ್ಲ. ಅಲ್ಲಿ ಮಕ್ಕಳ ಮ್ಯೂಸಿಯಂ ಇದೆ, 1999ರಿಂದ ಶೇಕ್ಸ್‌ಪಿಯರ್ ನಾಟಕಗಳ ರಂಗಮಂದಿರ ಇದೆ. ಹೊರಗೆ ಹಿಮ ಬಿದ್ದರೂ ಒಳಗೆ ನಾಟಕ ನಿಲ್ಲುವುದಿಲ್ಲ. 2016ರಲ್ಲಿ, ನೂರು ವರ್ಷ ತುಂಬಿದಾಗ, ಹಳೆಯ ಚಕ್ರ ತೆಗೆದು ಹೊಸದು ಹಾಕಿದರು. ಎತ್ತರ 196 ಅಡಿಗೆ ಏರಿತು, ಆದರೆ ಮುಖ್ಯ ಬದಲಾವಣೆ ಬೇರೆ. ಹಳೆಯದರ ತೊಟ್ಟಿಲುಗಳು ತೆರೆದವು, ಹೊಸದರ 42 ತೊಟ್ಟಿಲುಗಳಿಗೂ ಗಾಜು ಮುಚ್ಚಿ ಒಳಗೆ ಬಿಸಿ, ತಂಪು ಎರಡರ ವ್ಯವಸ್ಥೆ ಮಾಡಿದರು. ಹವೆಯನ್ನು ಬದಲಾಯಿಸಲಿಕ್ಕಾಗದು, ಆದ್ದರಿಂದ ಕೂರುವ ಜಾಗವನ್ನು ಬದಲಾಯಿಸಿದರು. ನೀವು ಕೇಳಿದ ಮಾಡಿನ ಹಿಂದೆ ಇರುವುದೂ ಇದೇ ಬುದ್ಧಿ.

ಇನ್ನೊಂದು ಸಂಗತಿ: ಜಾಗ ಸಾರ್ವಜನಿಕ ಸಂಸ್ಥೆಯದು, ನಡೆಸುವುದು 2011ರಿಂದ ಲಾಭರಹಿತ ಸಂಸ್ಥೆ. ಒಳಗೆ ಬರಲಿಕ್ಕೆ ಟಿಕೆಟ್ ಇಲ್ಲ. ತಿಂಡಿ, ಬಾಡಿಗೆ, ಪಾರ್ಕಿಂಗ್ ಮತ್ತು ದೇಣಿಗೆಯ ಹಣ ಆ ಜಾಗಕ್ಕೇ ವಾಪಸ್. ಕೆಟ್ಟದ್ದನ್ನೂ ಹೇಳಬೇಕು: ಪಾರ್ಕಿಂಗ್ ದುಬಾರಿ, ಊಟ ದುಬಾರಿ, ಇದು ಹೊರಗಿನವರಿಗೆ ಮಾಡಿದ ಜಾಗ ಅಂತ ಊರಿನ ಎಷ್ಟೋ ಜನ ಆ ಕಡೆ ತಲೆ ಹಾಕುವುದೇ ಇಲ್ಲ. ಕೋವಿಡ್ ಸಮಯದಲ್ಲಿ, 2020ರ ಸೆಪ್ಟೆಂಬರಿನಿಂದ ಮರುವರ್ಷದ ವಸಂತದವರೆಗೆ, ಇಡೀ ಧಕ್ಕೆಯನ್ನೇ ಮುಚ್ಚಬೇಕಾಯಿತು. ಹೊರಗಿನವರನ್ನೇ ನಂಬಿದ ಜಾಗಕ್ಕೆ ಹೊರಗಿನವರು ಬರದಿದ್ದರೆ ಉಸಿರೇ ಇಲ್ಲ. ಕಾರವಾರದವರು ವಾರಕ್ಕೊಮ್ಮೆ ಬರುವ ಬೀಚ್ ಆಗಬೇಕು ಅಕ್ಕಾ, ಗೋವಾಕ್ಕೆ ಹೋಗುವವರು ದಾರಿಯಲ್ಲಿ ಇಳಿದರೆ ಅದು ಮೇಲಿನ ಲಾಭ.

ಚಿರೆಕಲ್ಲು · ಭಾನುವಾರ, ಬೆಳಿಗ್ಗೆ 8.30

ಕಟ್ಟಡದ ಕೆಲಸದಲ್ಲಿ ಮೂವತ್ತೆರಡು ವರ್ಷ ಕಳೆದು ನಿವೃತ್ತನಾದವನು. ಒಂದೆರಡು ಮಾತು.

ಮೊದಲನೆಯದು ನಿಯಮ. ದಂಡೆಯ ಮೇಲೆ ಮನಸ್ಸಿಗೆ ಬಂದದ್ದು ಕಟ್ಟಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬಿಡುವುದಿಲ್ಲ, ಬಿಡಲೂ ಬಾರದು. ಆದರೆ 2019ರ ಅಧಿಸೂಚನೆಯಲ್ಲಿ ಬೀಚಿನ ಮೇಲೆ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೆ ದಾರಿ ಇದೆ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರು, ಕೂರುವ ವ್ಯವಸ್ಥೆ, ಸಣ್ಣ ಗುಡಿಸಲು ಇಂಥವು. ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ದೂರ ಇರಬೇಕು. ನಮ್ಮ ಕಡಲ್ಕೊರೆತ ನೋಡಿದವನಾಗಿ ನಾನು 10 ಮೀಟರನ್ನು ನಂಬುವುದಿಲ್ಲ. ರಸ್ತೆಯ ಬದಿಗೆ, ಗಾಳಿಮರದ ಸಾಲಿಗೆ ಹೊಂದಿಸಿ ಕಟ್ಟಿದರೆ ಅಲೆಯ ಭಯ ಕಡಿಮೆ, ದೋಣಿಯ ಜಾಗಕ್ಕೂ ತೊಂದರೆ ಇಲ್ಲ. ಬೈತಖೋಲದ ತಮ್ಮನ ಮಾತು ನಕ್ಷೆಯ ಮೊದಲ ಗೆರೆಯಾಗಬೇಕು.

ಎರಡನೆಯದು ಸಾಮಾನು. ಬೀಚಿನಲ್ಲಿ ತಗಡಿನ ಶೀಟು, ಸಾದಾ ಕಬ್ಬಿಣದ ಪೈಪು ಹಾಕುವುದು ದುಡ್ಡನ್ನು ನೀರಿಗೆ ಹಾಕಿದ ಹಾಗೆ. ಉಪ್ಪುಗಾಳಿಗೆ ಮೂರನೇ ಮಳೆಗಾಲದಲ್ಲಿ ಬೋಲ್ಟಿನ ಸುತ್ತ ಕೆಂಪು ಉಂಗುರ ಕಾಣಿಸುತ್ತದೆ, ಐದನೆಯದರಲ್ಲಿ ಶೀಟು ಗಾಳಿಗೆ ಪಟಪಟ ಅನ್ನುತ್ತದೆ. ನಮ್ಮ ಹಿರಿಯರ ಮನೆ ನೋಡಿ. ಚಿರೆಕಲ್ಲಿನ ಕಂಬ, ಕಡಿದಾದ ಹಂಚಿನ ಮಾಡು, ಗೋಡೆಯಿಂದ ಮೂರ್ನಾಲ್ಕು ಅಡಿ ಮುಂದೆ ಬಂದ ಸೂರು. ಮಳೆ ಓರೆಯಾಗಿ ಹೊಡೆಯುವ ಪಡುವಣ ದಿಕ್ಕಿಗೆ ಮಡಲಿನ ತಟ್ಟಿ, ಬೇಕಾದಾಗ ಇಳಿಸುವುದು, ಬೇಡದಾಗ ಎತ್ತುವುದು. ಅಲ್ಲಿ ಕೂತರೆ ಕಡಲು ಕಾಣುತ್ತದೆ, ಮೈ ಒದ್ದೆಯಾಗುವುದಿಲ್ಲ. ಕಂಬ ಪಕ್ಕಾ ಕಟ್ಟಡ ಅನ್ನಿಸಿಕೊಂಡರೆ ಮರದ ಕಂಬ ಹಾಕಿ ಬಿಚ್ಚುವ ಹಾಗೆ ಜೋಡಿಸಬಹುದು. ಲೋಹ ಬೇಕೇ ಬೇಕು ಅನ್ನುವಲ್ಲಿ 316 ದರ್ಜೆಯ ಸ್ಟೀಲ್ ಹಾಕಿ. ಬೆಲೆ ಹೆಚ್ಚು, ಆದರೆ ಬಾಳಿಕೆ ಬರುತ್ತದೆ.

ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಕಟ್ಟುವ ಹಣ ಒಂದು ಸಲ ಬರುತ್ತದೆ, ಉದ್ಘಾಟನೆಯೂ ಆಗುತ್ತದೆ. ಹಂಚು ಒಡೆದಾಗ ಬದಲಿಸುವ ಹಣ ಯಾವ ಕಡತದಲ್ಲೂ ಇರುವುದಿಲ್ಲ. ಯೋಜನೆಯಲ್ಲೇ ಹತ್ತು ವರ್ಷದ ನಿರ್ವಹಣೆಯ ಖರ್ಚು ಬರೆದಿರಬೇಕು. ಬರೆಯದಿದ್ದರೆ ಆ ಯೋಜನೆಗೆ ನಾವೇ ಬೇಡ ಅನ್ನಬೇಕು.

ಲಾಡ್ಜ್ ಕೌಂಟರ್ · ಭಾನುವಾರ, ಬೆಳಿಗ್ಗೆ 10.10

ನನ್ನದು ಹನ್ನೆರಡು ಕೋಣೆಯ ಸಣ್ಣ ಲಾಡ್ಜ್. ನೇರವಾಗಿ ಹೇಳ್ತೇನೆ: ಮಳೆಗಾಲದಲ್ಲಿ ಪ್ರವಾಸಿಗರು ಉತ್ತರ ಕನ್ನಡಕ್ಕೆ ಬರುವುದಿಲ್ಲ ಅನ್ನೋದು ಸುಳ್ಳು. ಜೋಗ ನೋಡ್ಲಿಕ್ಕೆ ಹೋಗುವವರು, ಮಾಗೋಡು, ವಿಭೂತಿ ಜಲಪಾತ ಹುಡುಕುವವರು ಈ ತಿಂಗಳುಗಳಲ್ಲೇ ಹೆಚ್ಚು, ದಾಂಡೇಲಿ ಕಾಡಿಗೆ ಬರುವವರೂ ಇದ್ದಾರೆ. ಅವರು ಘಟ್ಟದ ಮೇಲೆ ಉಳಿದು, ಘಟ್ಟದ ಮೇಲಿಂದಲೇ ವಾಪಸ್ ಹೋಗ್ತಾರೆ. ಅಣಶಿ ಘಟ್ಟ ಇಳಿದು ಕದ್ರಾ ದಾಟಿದರೆ ಕಾರವಾರ. ಇಳಿದರೆ ಇಲ್ಲೇನಿದೆ ಅನ್ನುವ ಪ್ರಶ್ನೆಗೆ ಕೌಂಟರಿನಲ್ಲಿ ಕೂತ ನನ್ನ ಬಳಿ ಉತ್ತರ ಇಲ್ಲ. "ಸಮುದ್ರ ಇದೆ" ಅಂದರೆ "ನೀರಿಗೆ ಇಳಿಯಬಹುದಾ?" ಅಂತಾರೆ. ಇಲ್ಲ ಅಂದ ಕೂಡಲೇ ಫೋನ್ ಇಡ್ತಾರೆ.

ಊಟ ಇದೆ ಅಂತ ಹೇಳಬಹುದಿತ್ತು. ಮಳೆಗಾಲದ ಅಡುಗೆ ಬೇರೆ ಯಾವ ಕಾಲದಲ್ಲೂ ಸಿಗೋದಿಲ್ಲ. ಪತ್ರೊಡೆ, ಕಳಲೆ ಪಲ್ಯ, ತಗಟೆ ಸೊಪ್ಪಿನ ವಡೆ, ಒಣ ಸಿಗಡಿ ಚಟ್ನಿ, ಬಿಸಿ ಕುಚ್ಚಲಕ್ಕಿ ಗಂಜಿ. ಹೋಟೆಲಿನಲ್ಲಿ ಇವು ಸಿಗೋದು ಅಪರೂಪ, ಮನೆಯಲ್ಲಿ ದಿನಾ. ನಿಮ್ಮ ಮಾಡಿನ ಕೆಳಗೆ ಶನಿವಾರ ಭಾನುವಾರ ನಮ್ಮ ಹೆಂಗಸರ ಸಂಘದವರು ಇದನ್ನು ಮಾಡಿ ಬಡಿಸಲಿ. ಗಿರಾಕಿಗಳಿಗೆ ದಾರಿ ಹೇಳಿ ಕಳಿಸುವ ಜವಾಬ್ದಾರಿ ನನ್ನದು.

ಕಡಲ ಕಾವಲು · ಭಾನುವಾರ, ಮಧ್ಯಾಹ್ನ 1.25

ಊಟದ ಮಾತಿನ ನಡುವೆ ಇದನ್ನು ಹೇಳಬೇಕಾಗಿದೆ, ತಪ್ಪು ತಿಳಿಯಬೇಡಿ.

2019ರ ಜನವರಿ 21 ನೆನಪಿದೆಯೇ? ಕೂರ್ಮಗಡದ ನರಸಿಂಹ ಜಾತ್ರೆಗೆ ಹೋದವರ ದೋಣಿ ಮಗುಚಿ ಹದಿನಾರು ಜನ ಹೋದರು. ಅದು ಜನವರಿ, ಕಡಲು ಶಾಂತ ಇರಬೇಕಾದ ಕಾಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆಯ ಸೇತುವೆ ಕುಸಿದು ಲಾರಿ ನದಿಗೆ ಬಿತ್ತು. ಮಳೆಗಾಲದಲ್ಲಿ ಬನ್ನಿ ಅಂತ ಜನರನ್ನು ಕರೆಯುವಾಗ ಇದೆಲ್ಲ ನಮ್ಮ ಕಣ್ಣ ಮುಂದೆ ಇರಬೇಕು.

ಮಳೆಗಾಲದಲ್ಲಿ ನೀರಿಗಿಳಿಯಬಾರದು. ಇದರಲ್ಲಿ ಒಂದಿಷ್ಟೂ ಸಡಿಲ ಬೇಡ. ಮೇಲಿನಿಂದ ನೋಡಿದರೆ ಸಮತಟ್ಟಾಗಿ, ಅಲೆ ಕಡಿಮೆ ಇರುವಂತೆ ಕಾಣುವ ಜಾಗವೇ ಒಳಗೆಳೆಯುವ ಜಾಗ. ಹೊರಗಿನವರು ಅಲ್ಲೇ ಇಳಿಯುತ್ತಾರೆ. ಫೋಟೊಗೆ ಮೊಣಕಾಲುದ್ದ ನೀರು ಸಾಕು ಅಂದುಕೊಳ್ಳುತ್ತಾರೆ, ಕಾಲ ಕೆಳಗಿನ ಮರಳು ಜಾರಿದ ಮೇಲೆ ಕೂಗು ದಡಕ್ಕೂ ಕೇಳುವುದಿಲ್ಲ. ಮಾಡು ಕಟ್ಟುವುದಾದರೆ ಜೀವರಕ್ಷಕ ಸಿಬ್ಬಂದಿ ಜೂನ್‌ನಿಂದ ಸೆಪ್ಟೆಂಬರ್ ತನಕವೂ ಇರಬೇಕು, ಅವರಿಗೆ ಅಷ್ಟೂ ತಿಂಗಳ ಸಂಬಳ ಬರಬೇಕು. ಘಟ್ಟ ಬಂದ್ ಆದ ದಿನ, ರೆಡ್ ಅಲರ್ಟ್ ಇದ್ದ ದಿನ ಬೀಚೂ ಬಂದ್ ಅಂತ ಮೊದಲೇ ಬರೆದಿರಬೇಕು.

ಕೋಡಿಬಾಗದ ಮಗಳು · ಭಾನುವಾರ, ಮಧ್ಯಾಹ್ನ 2.40

ತಪ್ಪು ತಿಳಿಯುವುದು ಎಲ್ಲಿಂದ ಸರ್, ನೀವು ಹೇಳದಿದ್ದರೆ ಈ ಚರ್ಚೆ ಅರ್ಧವಾಗುತ್ತಿತ್ತು. ನಾನು ಕೇಳುತ್ತಿರುವುದು ಕಡಲನ್ನು ನೋಡುವ ಜಾಗ, ಇಳಿಯುವ ಜಾಗವಲ್ಲ. ಕೂತು ನೋಡಲು ಒಳ್ಳೆಯ ಜಾಗವಿದ್ದರೆ ನೀರಿನ ಅಂಚಿಗೆ ಹೋಗುವವರೂ ಕಡಿಮೆಯಾಗುತ್ತಾರೆ ಎಂದು ನನಗನಿಸುತ್ತದೆ.

ಅಂಕೋಲೆಯ ಮಾಸ್ತರು · ಭಾನುವಾರ, ಸಂಜೆ 5.15

ಚಿಕಾಗೊದ ತಮ್ಮ ರಂಗಮಂದಿರದ ಮಾತು ಹೇಳಿದ್ದು ಓದಿ ನನಗೆ ಮೊದಲು ಹೊಳೆದದ್ದು ತಾಳಮದ್ದಳೆ.

ಯೋಚಿಸಿ ನೋಡಿ. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರಿನಿಂದ ಮೇ ತನಕ. ಮಳೆ ಹಿಡಿದ ಮೇಲೆ ಬಯಲಾಟ ಇಲ್ಲ, ಗೆಜ್ಜೆ ಪೆಟ್ಟಿಗೆ ಸೇರುತ್ತದೆ. ಆಗ ನಮ್ಮ ಹಿರಿಯರು ಬಾಯಿಕಟ್ಟಿ ಕೂರಲಿಲ್ಲ. ವೇಷ ಬೇಡ, ಕುಣಿತ ಬೇಡ, ಭಾಗವತರು, ಚಂಡೆ ಮದ್ದಳೆ, ನಾಲ್ಕು ಮಂದಿ ಅರ್ಥಧಾರಿಗಳು, ಒಂದು ಜಗುಲಿ. ಹೊರಗೆ ಸೋನೆ ಸುರಿಯುತ್ತಿದ್ದರೆ ಒಳಗೆ ಕರ್ಣನೂ ಶಲ್ಯನೂ ಮಾತಿಗೆ ಮಾತು. ಮಳೆಗಾಲಕ್ಕೆಂದೇ ಬೆಳೆದ ಕಲೆ ನಮ್ಮಲ್ಲಿರುವಾಗ ಮಳೆಗಾಲದ ಕಾರ್ಯಕ್ರಮವನ್ನು ಬೇರೆ ಕಡೆ ಹುಡುಕಬೇಕೆ? ಕಾರವಾರದ ಮಂದಿಗೆ ಕೊಂಕಣಿ ನಾಟಕ ಹೆಚ್ಚು ಪ್ರೀತಿ ಅಂತ ಬಲ್ಲೆ. ಒಂದು ವಾರ ಅದು, ಒಂದು ವಾರ ಇದು. ನೂರು ಜನ ಕೂರುವ ಮಾಡು ಸಾಕು, ಧ್ವನಿವರ್ಧಕವೂ ಸಣ್ಣದು ಸಾಕು.

ಇನ್ನು ಮಕ್ಕಳ ವಿಷಯ. ಶಾಲಾ ಪ್ರವಾಸ ಅಂದರೆ ಎಲ್ಲರೂ ಡಿಸೆಂಬರಿನಲ್ಲಿ ಹೊರಡುತ್ತಾರೆ, ಐವತ್ತು ಬಸ್ಸು ಒಂದೇ ದಿನ ಬಂದು ಮಕ್ಕಳು ಬೀಚಿನಲ್ಲಿ ಮ್ಯೂಸಿಯಂ ಆಗಿರುವ ಚಾಪೆಲ್ ಯುದ್ಧನೌಕೆಯೊಳಗೆ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುತ್ತಾರೆ. ನಮ್ಮ ತಾಲೂಕಿನ, ಕಾರವಾರ ತಾಲೂಕಿನ ಶಾಲೆಗಳಾದರೂ ಆಗಸ್ಟಿನಲ್ಲಿ ಬರಬಹುದಲ್ಲ? ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಕಡಲೊಳಗೆ ಪಂಜರ ಹಾಕಿ ಮೀನು ಸಾಕುವುದರಲ್ಲಿ ಹೆಸರು ಮಾಡಿದವರು ಅವರು. ಅಲ್ಲಿಯ ಒಬ್ಬ ಸಂಶೋಧಕರು ವಾರಕ್ಕೊಂದು ದಿನ ಬಂದು, ಮಳೆಗಾಲದಲ್ಲಿ ಮೀನು ಯಾಕೆ ಹಿಡಿಯಬಾರದು, ಆ ಅರವತ್ತೊಂದು ದಿನ ಕಡಲೊಳಗೆ ಏನು ನಡೆಯುತ್ತದೆ ಅಂತ ಮಕ್ಕಳಿಗೆ ಹೇಳಿದರೆ, ಆ ಪಾಠಕ್ಕೆ ಕಡಲಿನ ಎದುರಿಗಿಂತ ಒಳ್ಳೆಯ ಕೋಣೆ ಎಲ್ಲಿದೆ?

ವಿಶಾಖಪಟ್ಟಣ ರಿಟರ್ನ್ · ಭಾನುವಾರ, ಸಂಜೆ 6.50

ಮಾಸ್ತರ ಮಾತಿಗೆ ಒಂದು ಸೇರ್ಪಡೆ. ಮಗನ ನೌಕರಿಯಿಂದಾಗಿ ಎರಡು ವರ್ಷ ವಿಶಾಖಪಟ್ಟಣದಲ್ಲಿದ್ದೆ. ಅಲ್ಲಿ ಆರ್.ಕೆ. ಬೀಚಿನಲ್ಲಿ ಕುರ್ಸುರಾ ಜಲಾಂತರ್ಗಾಮಿಯನ್ನು 2002ರಲ್ಲಿ ದಡಕ್ಕೆ ತಂದು ಮ್ಯೂಸಿಯಂ ಮಾಡಿದರು. ರಸ್ತೆಯ ಆಚೆ 2017ರಿಂದ ನೌಕಾಪಡೆಯ ಟಿಯು-142 ಗಸ್ತು ವಿಮಾನ ನಿಂತಿದೆ. ಅದೇ ಜಾತಿಯ ಇನ್ನೊಂದು ಈಗ ಅರಕ್ಕೋಣಂನಿಂದ ಬಿಡಿಬಿಡಿಯಾಗಿ ಬಂದು ನಮ್ಮ ಚಾಪೆಲ್ ಹಡಗಿನ ಪಕ್ಕ ಸೇರಿದೆ. ಹಡಗು ಹೆಚ್ಚುಕಡಿಮೆ 38 ಮೀಟರ್ ಉದ್ದ, ವಿಮಾನದ ರೆಕ್ಕೆಯೇ ಈ ತುದಿಯಿಂದ ಆ ತುದಿಗೆ 50 ಮೀಟರ್.

ಕುರ್ಸುರಾದಲ್ಲಿ ನನಗೆ ಹಿಡಿಸಿದ್ದು ಅಲ್ಲಿ ವಿವರಣೆ ಕೊಡುವವರು. ನೌಕಾಪಡೆಯಿಂದ ನಿವೃತ್ತರಾದವರು. ನನ್ನ ಮೊಮ್ಮಗ ಒಬ್ಬರನ್ನು "ಇದರೊಳಗೆ ಸ್ನಾನ ಎಲ್ಲಿ ಮಾಡ್ತಿದ್ರಿ ಅಜ್ಜಾ?" ಅಂತ ಕೇಳಿದ. ಅವರು ಸಿಹಿನೀರಿನ ಲೆಕ್ಕ ಹೇಳುತ್ತಾ ಹೇಳುತ್ತಾ ಇಪ್ಪತ್ತು ನಿಮಿಷ ಕಳೆದರು. ಆ ಹುಡುಗ ಇವತ್ತಿಗೂ ಕ್ಷಿಪಣಿಯ ಮಾತು ಆಡುವುದಿಲ್ಲ, ಆ ನೀರಿನ ಮಾತು ಆಡುತ್ತಾನೆ. ಕದಂಬ ನೌಕಾನೆಲೆ ಇರುವ ಕಾರವಾರದಲ್ಲಿ ನಿವೃತ್ತ ನೌಕಾ ಸಿಬ್ಬಂದಿಗೆ ಬರಗಾಲವೇ? ಹಡಗು ಪ್ರತಿ ವರ್ಷ ಅದೇ ಇರುತ್ತದೆ. ಮನುಷ್ಯರ ಮಾತು ಬೇರೆ ಬೇರೆ ಇರುತ್ತದೆ, ಅದಕ್ಕಾಗಿ ಜನ ಎರಡನೇ ಸಲ ಬರುತ್ತಾರೆ. ಮಳೆ ಬಂದರೂ ಹಡಗಿನ ಒಳಗೆ ಮಾತಾಡಲು ಅಡ್ಡಿಯಿಲ್ಲ.

ಘಟ್ಟ ಇಳಿದವ · ಭಾನುವಾರ, ಸಂಜೆ 7.02

ಇದೇ ಜಿಲ್ಲೆಯ ಕಾಸರಕೋಡಿಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು, ಪಡುಬಿದ್ರೆಯ ಜೊತೆಗೇ. ಅದಕ್ಕೆ 33 ಮಾನದಂಡಗಳಂತೆ. ನಾವು ಅದನ್ನೇ ಗುರಿ ಇಟ್ಟುಕೊಂಡರೆ?

ಚಿರೆಕಲ್ಲು · ಭಾನುವಾರ, ಸಂಜೆ 7.30

ನೀರಿನ ಗುಣಮಟ್ಟ, ಸುರಕ್ಷತೆ, ಶುಚಿತ್ವ ಎಲ್ಲಕ್ಕೂ ಅಲ್ಲಿ ಒಳ್ಳೆಯ ಪಟ್ಟಿ ಇದೆ, ಕಲಿಯಬೇಕಾದದ್ದು ಬಹಳ. ಆದರೆ ಅದು ಮುಖ್ಯವಾಗಿ ನೀರಿಗಿಳಿಯುವ ಕಾಲದ ಬೀಚಿಗೆ ಕೊಡುವ ಪತಾಕೆ. ನಮ್ಮ ಪ್ರಶ್ನೆ ಅದರ ನಂತರದ ನಾಲ್ಕು ತಿಂಗಳದ್ದು. ನಮ್ಮಲ್ಲಿ ಮೊದಲು ನೋಡಬೇಕಾದ್ದು ಮಳೆನೀರು. ಊರಿನ ಗಟಾರದ ನೀರು ಮೊದಲ ಮಳೆಗೆ ಯಾವ ದಿಕ್ಕಿಗೆ ಹರಿಯುತ್ತದೆ ಅಂತ ಒಮ್ಮೆ ನಿಂತು ನೋಡಿ. ಅದಕ್ಕೆ ಸೋಸುವ ಜಾಲರಿ, ಕೊಳಚೆ ಬೇರೆ ಮಾಡುವ ವ್ಯವಸ್ಥೆ ಇಲ್ಲದೆ ಬೀಚಿನ ಶುಚಿತ್ವದ ಮಾತು ಪೂರ್ತಿಯಾಗದು.

ಬೈತಖೋಲ ಬಲೆ · ಭಾನುವಾರ, ರಾತ್ರಿ 8.45

ಎಲ್ಲ ಓದಿದೆ. ಮನೆಯಲ್ಲಿ ಅಪ್ಪನಿಗೂ ಓದಿ ಹೇಳಿದೆ. ಅಪ್ಪ ಒಂದೇ ಮಾತು ಕೇಳಿದ್ರು: "ಬಲೆ ಹೆಣೆಯೋದನ್ನು ನೋಡ್ಲಿಕ್ಕೆ ಜನರನ್ನು ಕರೀತಾರಾ?" ಯಾರಾದ್ರೂ ಆ ಸಲಹೆ ಕೊಡುವ ಮೊದಲೇ ಹೇಳಿಬಿಡ್ತೇನೆ. ನಮ್ಮ ಕೆಲಸ ಪ್ರದರ್ಶನಕ್ಕೆ ಇಡೋದು ನಮಗೆ ಬೇಡ. ಕೆಲಸ ಮಾಡುವಾಗ ಬೆನ್ನ ಹಿಂದೆ ಮೊಬೈಲ್ ಹಿಡಿದು ನಿಂತರೆ ಕೈ ನಡೆಯೋದಿಲ್ಲ.

ಆದ್ರೆ ಬಂದು ಪಕ್ಕ ಕೂತು ಮಾತಾಡಿದರೆ ಯಾರೂ ಬೇಡ ಅನ್ನೋದಿಲ್ಲ. ನಮ್ಮ ಹೆಂಗಸರು ಬೇಸಿಗೆಯಲ್ಲಿ ಒಣಗಿಸಿದ ಮೀನು ಮಳೆಗಾಲದಲ್ಲಿ ಮಾರ್ತಾರೆ, ಪ್ಲಾಸ್ಟಿಕ್ ಹೊದ್ದು ರಸ್ತೆ ಬದಿ ಕೂತು. ಒಣ ಮೀನಿಗೆ ಒಂದು ಹನಿ ನೀರು ತಾಗಿದರೆ ಆ ಬುಟ್ಟಿ ಹೋಯ್ತು. ನಿಮ್ಮ ಮಾಡಿನ ಕೆಳಗೆ ಅವರಿಗೆ ನಾಲ್ಕು ಕಟ್ಟೆ ಕೊಡಿ. ಬಾಡಿಗೆ ಹರಾಜು ಹಾಕಬೇಡಿ. ಹರಾಜಾದರೆ ಮೊದಲ ವರ್ಷ ಅವರು, ಎರಡನೇ ವರ್ಷ ದುಡ್ಡಿದ್ದವರು. ಏಂಡಿ ಎಳೆಯುವ ದಿನ ಕಡಲು ಬಿಟ್ಟುಕೊಟ್ಟರೆ, ಹಗ್ಗಕ್ಕೆ ಕೈ ಹಾಕ್ತೇನೆ ಅಂತ ಬಂದವರಿಗೆ ಕೈ ಹಾಕ್ಲಿಕ್ಕೆ ಬಿಡ್ತೇವೆ, ಪಾಲಿಗೆ ನಾಲ್ಕು ಬಾಂಗಡೆಯೂ ಕೊಡ್ತೇವೆ. ಅದು ನಮ್ಮಲ್ಲಿ ಮೊದಲಿಂದ ಇರೋ ಪದ್ಧತಿ.

ಮಿಶಿಗನ್ ದಂಡೆಯಿಂದ · ಭಾನುವಾರ, ರಾತ್ರಿ 9.10

ತಮ್ಮಾ, ಚಿಕ್ಕವನಿದ್ದಾಗ ಆ ಹಗ್ಗ ನಾನೂ ಎಳೆದಿದ್ದೇನೆ. ಅಂಗೈಯ ಉರಿ ಎರಡು ದಿನ ಇರುತ್ತಿತ್ತು. ನನ್ನ ಮಕ್ಕಳನ್ನು ಮುಂದಿನ ಸಲ ಕರೆತರುವಾಗ ನಿಮ್ಮ ದಂಡೆಗೇ ಮೊದಲು ಬರುತ್ತೇನೆ.

ಕೋಡಿಬಾಗದ ಮಗಳು · ಭಾನುವಾರ, ರಾತ್ರಿ 10.30

ಇವತ್ತು ಮತ್ತೆ ಸಂಜೆ ಬೀಚಿಗೆ ಹೋಗಿದ್ದೆ, ಒಬ್ಬಳೇ. ಅದೇ ಗಾಡಿಯಾಕೆಯ ಹತ್ತಿರ ಕೂತು ನಿಮ್ಮ ಮಾತುಗಳನ್ನೆಲ್ಲ ಹೇಳಿದೆ. ಅವರು ಇನ್ನೊಂದು ಸೇರಿಸಿದರು: ದೀಪ. ಮಳೆಗಾಲದಲ್ಲಿ ಮೋಡ ಕವಿದರೆ ಬೇಗನೇ ಕತ್ತಲು ಮುಸುಕುತ್ತದೆ, ದೀಪ ಇಲ್ಲದ ಕಡೆ ಕುಟುಂಬದವರು ಕೂರುವುದಿಲ್ಲ. ಹೆದ್ದಾರಿ ದಾಟುವಲ್ಲಿಯೂ ದೀಪ ಬೇಕು. ಊರು ಒಂದು ಬದಿ, ಬೀಚ್ ಇನ್ನೊಂದು ಬದಿ, ನಡುವೆ ಲಾರಿಗಳು. ಮಳೆಯಲ್ಲಿ ಛತ್ರಿ ಹಿಡಿದು ಮಗುವಿನ ಜೊತೆ ದಾಟುವವರಿಗೆ ಅದು ಎಷ್ಟು ಕಷ್ಟ ಅಂತ ಅವರು ದಿನಾ ನೋಡುತ್ತಾರೆ.

ಅರ್ಜಿಯ ಕರಡು ಬರೆದಿದ್ದೇನೆ. ಕೇಳಿರುವುದು ಇಷ್ಟೇ: ಗಾಳಿಮರದ ಸಾಲಿಗೆ ಹೊಂದಿ ಒಂದು ಹಂಚಿನ ಮಾಡು, ನೂರು ಜನ ಕೂರುವಷ್ಟು, ಶೌಚಾಲಯ, ದೀಪ, ಒಣ ಮೀನಿನವರಿಗೂ ಗಾಡಿಯವರಿಗೂ ಹರಾಜಿಲ್ಲದ ಕಟ್ಟೆ, ನಾಲ್ಕೂ ತಿಂಗಳು ಜೀವರಕ್ಷಕರು, ಹತ್ತು ವರ್ಷದ ನಿರ್ವಹಣೆಯ ಹಣ. ದೋಣಿ ಎಳೆಯುವ ಜಾಗವನ್ನು ಮೊದಲು ಅಳೆದು ಬಿಡಬೇಕು ಎಂಬುದನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ. ತಾಳಮದ್ದಳೆ, ಕೊಂಕಣಿ ನಾಟಕ, ಮಳೆಗಾಲದ ಊಟ, ಶಾಲೆಯ ಪಾಠ ಇವಕ್ಕೆ ಸರ್ಕಾರವನ್ನು ಕಾಯಬೇಕಾಗಿಲ್ಲ. ಮಾಡು ಎದ್ದ ಮೇಲೆ ಅವನ್ನು ನಾವೇ ನಡೆಸುವುದು.

ಚಿರೆಕಲ್ಲು ಸರ್, ನಕ್ಷೆಯ ಒಂದು ಕಚ್ಚಾ ಚಿತ್ರ ಹಾಕಿಕೊಡುತ್ತೀರಾ? ಬೈತಖೋಲದ ತಮ್ಮ, ಅಪ್ಪನನ್ನು ಕರೆದುಕೊಂಡು ಬಾ, ದೋಣಿಯ ಜಾಗ ಅವರೇ ತೋರಿಸಲಿ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಮಯೂರವರ್ಮ ವೇದಿಕೆಯ ಹತ್ತಿರ ಸೇರೋಣ. ನಾನು ಅಳತೆ ಟೇಪು ತರುತ್ತೇನೆ.

ಚಿರೆಕಲ್ಲು · ಭಾನುವಾರ, ರಾತ್ರಿ 10.52

ಬರುತ್ತೇನೆ. ಟೇಪು 30 ಮೀಟರಿನದು ಬೇಕು, ನನ್ನದೇ ತರುತ್ತೇನೆ. ಬುಧವಾರದ ಉಬ್ಬರದ ಹೊತ್ತು ನೋಡಿ ಹೇಳಿ, ನೀರು ಎಲ್ಲಿಯ ತನಕ ಬರುತ್ತದೆ ಅಂತ ಅಲ್ಲೇ ಗೂಟ ಹೊಡೆದು ಗುರುತು ಮಾಡೋಣ.

ಬೈತಖೋಲ ಬಲೆ · ಭಾನುವಾರ, ರಾತ್ರಿ 11.05

ಉಬ್ಬರದ ಹೊತ್ತು ಅಪ್ಪನಿಗೆ ಗೊತ್ತು. ಬೆಳಿಗ್ಗೆ ಕೇಳಿ ಹಾಕ್ತೇನೆ. ಗೂಟ ನಮ್ಮಲ್ಲೇ ಇವೆ.